ಪೂರ್ತಿ ಬೆಳೆದ ಮರಿ ಮೊಟ್ಟೆಯೊಳಗೇ ಯಾಕೆ ಸಾಯುತ್ತದೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ 14 ನಾಟಿ ಹೇಂಟೆ, ಒಂದು ಹುಂಜ ಇವೆ. ಫ್ಯಾನ್ ಇರುವ, ತಾನಾಗಿ ಮೊಟ್ಟೆ ಹೊರಳಿಸುವ ಸಣ್ಣ ಇನ್‌ಕ್ಯುಬೇಟರ್ ತರಿಸಿದೆ. ಜುಲೈನಲ್ಲಿ 30 ಮೊಟ್ಟೆ ಇಟ್ಟೆ. ಅಷ್ಟು ಮೊಟ್ಟೆ ಕೂಡಿಸಲು ಎರಡು ವಾರ ಹಿಡಿಯಿತು. ಕೊನೆಗೆ ಬಂದದ್ದು 7 ಮರಿ. ಉಳಿದದ್ದನ್ನು ಒಡೆದು ನೋಡಿದೆ. 5ರಲ್ಲಿ ಏನೂ ಇರಲಿಲ್ಲ. 7ರಲ್ಲಿ ಸಣ್ಣದಿರುವಾಗಲೇ ಸತ್ತಿತ್ತು. 11ರಲ್ಲಿ ಪೂರ್ತಿ ಬೆಳೆದ ಮರಿ, ಪುಕ್ಕ ಸಮೇತ, ದಪ್ಪಗೆ ಊದಿಕೊಂಡು ನೀರಲ್ಲಿ ನೆನೆದ ಹಾಗೆ ಸತ್ತಿದ್ದವು. ಹೊರಬಂದ ಮರಿಗಳೂ ಅಂಟಂಟಾಗಿದ್ದವು. ಟೆಂಪರೇಚರ್ 37.8 ತೋರಿಸುತ್ತಿತ್ತು. ನೀರಿನ ಎರಡೂ ಕಾಲುವೆ ದಿನಾ ತುಂಬಿಸುತ್ತಿದ್ದೆ. ಮಧ್ಯೆ ಕರೆಂಟೂ ಹೋಗಿತ್ತು. ಒಬ್ಬರು ನೀರು ಜಾಸ್ತಿ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಹಾಕಲೇಬೇಡಿ ಅನ್ನುತ್ತಾರೆ. ನಮ್ಮಜ್ಜಿ ಬುಟ್ಟಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದರೆ ಒಂದೋ ಎರಡೋ ಬಿಟ್ಟು ಎಲ್ಲಾ ಮರಿಯಾಗುತ್ತಿದ್ದವು. ನಾನು ಮಾಡಿದ ತಪ್ಪೇನು?

ಉತ್ತರ: ಮೊಟ್ಟೆ ಒಡೆದು ನೋಡಿ ಲೆಕ್ಕ ಇಟ್ಟಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಹೆಚ್ಚಿನವರು ಉಳಿದ ಮೊಟ್ಟೆಯನ್ನು ತಿಪ್ಪೆಗೆ ಎಸೆದು, ಆಮೇಲೆ ಮಷೀನು ಸರಿ ಇಲ್ಲ ಎಂದು ಬೈಯುತ್ತಾರೆ. ಕಾವು ಎಲ್ಲಿ ಕೆಟ್ಟಿತು ಎಂದು ಒಡೆದ ಮೊಟ್ಟೆಯೇ ಹೇಳುತ್ತದೆ. ನಿಮ್ಮ ಲೆಕ್ಕದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಅದರಲ್ಲಿ ದೊಡ್ಡದು ಆ 11. ಆ ಮರಿಗಳನ್ನು ಕೊಂದದ್ದು ನೀರು ಎಂದು ನನಗೆ ಅನ್ನಿಸುತ್ತದೆ. ಊದಿದ ಮೈ, ಒಳಗೆಲ್ಲ ನೀರು, ಹೊರಬಂದವೂ ಅಂಟಂಟು. ಇಷ್ಟೂ ಒಟ್ಟಿಗೆ ಕಂಡರೆ ಕಾವಿನುದ್ದಕ್ಕೂ ತೇವ ಜಾಸ್ತಿಯಾಗಿದೆ ಎಂದೇ ಅರ್ಥ. ಮಲೆನಾಡಿನ ಜುಲೈನಲ್ಲಿ ಎರಡೂ ಕಾಲುವೆಗೆ ನೀರು ತುಂಬಿಸಿದರೆ ಹೀಗೇ ಆಗುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀರು ಹಾಕಿ ಎಂದವರೂ, ಬೇಡ ಎಂದವರೂ ತಮ್ಮ ತಮ್ಮ ಊರಿನ ಮಟ್ಟಿಗೆ ಸರಿಯೇ ಇರಬಹುದು.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕಾವಿಗೆ ಇಟ್ಟ ದಿನದಿಂದ ಒಳಗಿನ ನೀರು ಅವುಗಳ ಮೂಲಕ ಆವಿಯಾಗಿ ಹೋಗುತ್ತಾ ಇರುತ್ತದೆ. ಹಾಗೆ ಹೋಗಲೇಬೇಕು. ನೀರು ಹೋದ ಜಾಗದಲ್ಲಿ ಗಾಳಿ ಸೇರಿ, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿ ಚೀಲ ದಿನದಿನಕ್ಕೂ ದೊಡ್ಡದಾಗುತ್ತದೆ. 19 ಅಥವಾ 20ನೇ ದಿನ ಮರಿ ಮೊದಲು ಕೊಕ್ಕು ಚುಚ್ಚುವುದು ಚಿಪ್ಪಿಗಲ್ಲ, ಈ ಗಾಳಿ ಚೀಲದ ಪೊರೆಗೆ. ಅದರ ಮೊದಲ ಉಸಿರು ಅಲ್ಲಿಯದು. ಆ ಗಾಳಿಯಲ್ಲಿ ಕೆಲವು ಗಂಟೆ ಉಸಿರಾಡಿ, ಆಮೇಲೆ ಚಿಪ್ಪನ್ನು ಕುಟ್ಟಿ ತೂತು ಮಾಡುತ್ತದೆ. ನೀರು ಸಾಕಷ್ಟು ಹೋಗದಿದ್ದರೆ ಗಾಳಿ ಚೀಲ ಚಿಕ್ಕದಾಗಿಯೇ ಉಳಿಯುತ್ತದೆ. ಮರಿ ಊದಿಕೊಂಡಿರುತ್ತದೆ, ತಿರುಗಲು ಜಾಗ ಇರುವುದಿಲ್ಲ, ಉಸಿರಿಗೆ ಗಾಳಿಯೂ ಸಾಲುವುದಿಲ್ಲ. ಪೂರ್ತಿ ಬೆಳೆದು ಹೊರಬರುವ ದಿನವೇ ಸಾಯುತ್ತದೆ. ನೀರು ತೀರಾ ಜಾಸ್ತಿ ಹೋದರೆ ಇದರ ಉಲ್ಟಾ. ಮರಿ ಸೊರಗಿರುತ್ತದೆ, ಪೊರೆ ಒಣಗಿ ಚರ್ಮದಂತೆ ಗಟ್ಟಿಯಾಗಿ ಮೈಗೆ ಅಂಟಿಕೊಳ್ಳುತ್ತದೆ, ಚಿಪ್ಪಿಗೆ ತೂತು ಮಾಡಿದ ಮೇಲೂ ತಿರುಗಲಾಗದೆ ಅಲ್ಲೇ ನಿಲ್ಲುತ್ತದೆ.

ಪುಸ್ತಕಗಳಲ್ಲಿ ಬರೆದಿರುವ ಲೆಕ್ಕ ಸರಳ. ಮೊದಲ 18 ದಿನ ಒಳಗಿನ ತೇವಾಂಶ ಶೇ 50ರಿಂದ 55, ಕೊನೆಯ ಮೂರು ದಿನ ಶೇ 65ರಿಂದ 70. ಆದರೆ ಆ ಅಂಕಿಯನ್ನು ಮುಟ್ಟಲು ಎಷ್ಟು ನೀರು ಬೇಕು ಎನ್ನುವುದು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಕಾರಣ ಇಷ್ಟೇ: ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರು ಜಾಸ್ತಿ. ಆದ್ದರಿಂದ ಹೊರಗಿನ ಗಾಳಿ ಪೆಟ್ಟಿಗೆಯೊಳಗೆ ಬಂದು 37.5 ಡಿಗ್ರಿಗೆ ಕಾದಾಗ, ಅದರಲ್ಲಿರುವ ನೀರು ಅಷ್ಟೇ ಇದ್ದರೂ ಶೇಕಡಾ ಲೆಕ್ಕ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂದು ನಮ್ಮ ಊರುಗಳಿಗೇ ಲೆಕ್ಕ ಹಾಕೋಣ. ಸಾಗರದ ಜುಲೈನಲ್ಲಿ ಹೊರಗೆ 24 ಡಿಗ್ರಿ, ತೇವಾಂಶ 90 ಇದೆ ಎಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ ಸುಮಾರು 42 ಆಗುತ್ತದೆ, ಒಂದು ಹನಿ ನೀರು ಹಾಕದೆ. ಇದರ ಮೇಲೆ ಮೊಟ್ಟೆಗಳಿಂದ ಹೊರಬರುವ ಆವಿಯೂ ಸೇರುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ 32 ಡಿಗ್ರಿ, 70 ತೇವಾಂಶ ಇದ್ದರೆ ಒಳಗೆ 50 ದಾಟುತ್ತದೆ. ಅಲ್ಲಿ 'ನೀರೇ ಬೇಡ' ಎನ್ನುವವರು ಸುಮ್ನೆ ಹೇಳುತ್ತಿಲ್ಲ. ಅದೇ ಬೆಂಗಳೂರಿನ ಜನವರಿಯಲ್ಲಿ 20 ಡಿಗ್ರಿ, 60 ತೇವಾಂಶ ಎಂದರೆ ಒಳಗೆ ಬರೀ 22. ರಾಯಚೂರಿನ ಏಪ್ರಿಲ್‌ನಲ್ಲಿ 38 ಡಿಗ್ರಿ, 25 ತೇವಾಂಶ ಎಂದರೆ ಒಳಗೆ 26. ಈ ಎರಡೂ ಕಡೆ ಕಾಲುವೆ ತುಂಬಾ ನೀರು ಬೇಕು, ಕೆಲವೊಮ್ಮೆ ಅದೂ ಸಾಲದು.

ಬೆಂಗಳೂರಿನಲ್ಲಿ ಚಳಿಗಾಲವೇ ಪೆಟ್ಟಿಗೆಗೆ ಒಣ ಕಾಲ ಎಂದರೆ ಬಹಳ ಜನ ನಂಬುವುದಿಲ್ಲ. ಹೊರಗೆ ಮಂಜು ಬೀಳುತ್ತಿರುತ್ತದಲ್ಲ, ಅದಕ್ಕೆ.

ಹಾಗಾದರೆ ಮೀಟರ್ ನೋಡಿಕೊಂಡು ನೀರು ಹಾಕಿದರಾಯಿತು ಅಲ್ವಾ ಎನ್ನಬಹುದು. ಕಷ್ಟ ಏನೆಂದರೆ, ಇಂಥ ಸಣ್ಣ ಮಷೀನುಗಳ ತೇವಾಂಶ ಮೀಟರ್ ಹತ್ತು ಅಂಕಿ ಆಚೀಚೆ ತೋರಿಸುವುದು ಮಾಮೂಲಿ. ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೇರೆ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ತನ್ನಿ. ಒಂದು ಮುಚ್ಚಳದಲ್ಲಿ ಎರಡು ಚಮಚ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬೆರೆಸಿ. ಉಪ್ಪು ಒದ್ದೆ ಮರಳಿನ ಹದಕ್ಕೆ ಬರಬೇಕು, ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 82 ತೋರಿಸಿದರೆ ಅದು 7 ಜಾಸ್ತಿ ಹೇಳುತ್ತದೆ ಎಂದು ಡಬ್ಬಿಯ ಮೇಲೇ ಬರೆದಿಡಿ. ಆಮೇಲೆ ಆ ಮೀಟರನ್ನು ಇನ್‌ಕ್ಯುಬೇಟರ್ ಒಳಗೆ ಇಟ್ಟು ಎರಡನ್ನೂ ಹೋಲಿಸಿ.

ಆದರೆ ಮೀಟರಿಗಿಂತ ನಾನು ನಂಬುವುದು ತಕ್ಕಡಿಯನ್ನು. ಮೊಟ್ಟೆಯಿಂದ ಎಷ್ಟು ನೀರು ಹೋಯಿತು ಎನ್ನುವುದೇ ಮುಖ್ಯ ತಾನೇ? ಅದನ್ನೇ ನೇರವಾಗಿ ತೂಕ ಮಾಡಿದರಾಯಿತು. ಅಡುಗೆ ಮನೆಯ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ 11ರಿಂದ 13ರಷ್ಟು ಕಳೆದುಕೊಳ್ಳಬೇಕು. ಅಂದರೆ 42 ಗ್ರಾಂ ಇದ್ದ ನಾಟಿ ಮೊಟ್ಟೆ 18ನೇ ದಿನ 37 ಗ್ರಾಂ ಹತ್ತಿರ ಇರಬೇಕು. ಒಂದೊಂದೇ ತೂಗಿದರೆ ಅರ್ಧ ಗ್ರಾಂ ತಪ್ಪೂ ದೊಡ್ಡದಾಗುತ್ತದೆ, ಅದಕ್ಕೆ ಒಟ್ಟಿಗೆ ತೂಗಿ. ಎಲ್ಲಾ ಮೊಟ್ಟೆ ಸೇರಿ 1000 ಗ್ರಾಂ ಇತ್ತು ಎಂದುಕೊಳ್ಳಿ. 7ನೇ ದಿನ 955, 14ನೇ ದಿನ 910, 18ನೇ ದಿನ 880 ಆಸುಪಾಸಿನಲ್ಲಿದ್ದರೆ ಮೀಟರ್ ಏನೇ ಹೇಳಲಿ, ನೀವು ಸರಿ ದಾರಿಯಲ್ಲಿದ್ದೀರಿ. 7ನೇ ದಿನಕ್ಕೆ 975 ಇದ್ದರೆ ನೀರು ಪೂರ್ತಿ ತೆಗೆಯಿರಿ, ಗಾಳಿಯ ತೂತುಗಳನ್ನು ದೊಡ್ಡದು ಮಾಡಿ. 930ಕ್ಕೆ ಇಳಿದಿದ್ದರೆ ನೀರು ಹೆಚ್ಚಿಸಿ. ನಡುವೆ ಗೊಡ್ಡು ಮೊಟ್ಟೆ ತೆಗೆದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಮೊದಲ ದಿನವೇ ಪ್ರತಿ ಮೊಟ್ಟೆಯ ಮೇಲೆ ಅದರ ತೂಕವನ್ನು ಪೆನ್ಸಿಲ್‌ನಲ್ಲಿ ಬರೆದುಬಿಡಿ. ಸ್ಕೆಚ್ ಪೆನ್ ಬೇಡ.

ನೀರು ಹೆಚ್ಚಿಸುವುದು ಎಂದರೆ ಆಳ ಹೆಚ್ಚಿಸುವುದಲ್ಲ. ಆವಿಯಾಗುವುದು ಮೇಲ್ಮೈಯಿಂದ ಮಾತ್ರ. ಒಂದು ಇಂಚು ನೀರಿದ್ದರೂ ಅರ್ಧ ಇಂಚಿದ್ದರೂ ವ್ಯತ್ಯಾಸ ಇಲ್ಲ. ಇನ್ನೊಂದು ಅಗಲ ತಟ್ಟೆ ಇಡಬೇಕು, ಅಥವಾ ಸ್ಪಂಜು ನೆನೆಸಿ ನಿಲ್ಲಿಸಬೇಕು. ಕಡಿಮೆ ಮಾಡಲೂ ಇದೇ ದಾರಿ: ಒಂದೇ ಕಾಲುವೆಗೆ ಹಾಕಿ, ಅದರಲ್ಲೂ ಅರ್ಧ ಭಾಗವನ್ನು ಫಾಯಿಲ್‌ನಿಂದ ಮುಚ್ಚಿ. ನಿಮ್ಮ ಊರಿನ ಮಳೆಗಾಲಕ್ಕೆ ಮೊದಲ 18 ದಿನ ಇಷ್ಟು ಸಾಕು, ಬಹುಶಃ ಇದೂ ಬೇಕಾಗುವುದಿಲ್ಲ. ತಕ್ಕಡಿ ಹೇಳುತ್ತದೆ. ಮಳೆಗಾಲದಲ್ಲಿ ಮನೆಯೊಳಗೆ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲವಲ್ಲ, ನಿಮ್ಮ 30 ಮೊಟ್ಟೆಗೂ ಆದದ್ದು ಅದೇ.

ತೇವ ಜಾಸ್ತಿ ಬೇಕೆಂದು ಕೆಲವರು ಗಾಳಿಯ ತೂತುಗಳನ್ನೇ ಮುಚ್ಚುತ್ತಾರೆ. ಇದಂತೂ ಮಾಡಲೇಬೇಡಿ. ಮೊದಲ ವಾರ ಮೊಟ್ಟೆಗೆ ಬೇಕಾದ ಆಮ್ಲಜನಕ ಅತ್ಯಲ್ಪ. ಕೊನೆಯ ವಾರ ಒಳಗಿರುವುದು ಪೂರ್ತಿ ಮರಿ, ಅದಕ್ಕೆ ಗಾಳಿ ಬೇಕು. 18ನೇ ದಿನದಿಂದ ಎಲ್ಲಾ ತೂತುಗಳೂ ತೆರೆದೇ ಇರಲಿ.

ಇನ್ನು ಟೆಂಪರೇಚರ್. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ, ಅಂದರೆ 99.5 ಫ್ಯಾರನ್‌ಹೀಟ್ ಸರಿಯಾದ ಕಾವು. ನಿಮ್ಮ 37.8 ಸ್ವಲ್ಪ ಜಾಸ್ತಿ, ಆದರೆ ಅಷ್ಟರಿಂದಲೇ 11 ಮರಿ ಸಾಯುವುದಿಲ್ಲ. ಪ್ರಶ್ನೆ ಏನೆಂದರೆ ಅದು ನಿಜವಾಗಿಯೂ 37.8 ಇತ್ತಾ? ಮನೆಯಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇರುತ್ತದಲ್ಲ, ಈ ಮಟ್ಟದಲ್ಲಿ ಅದಕ್ಕಿಂತ ನಂಬಿಕಸ್ತ ಸಾಧನ ಸುಲಭಕ್ಕೆ ಸಿಗುವುದಿಲ್ಲ. ಅದು ತಯಾರಾಗಿರುವುದೇ 35ರಿಂದ 42 ಡಿಗ್ರಿಯ ನಡುವೆ ನಿಖರವಾಗಿ ಅಳೆಯಲು. ವೈರಿನ ತುದಿಯಲ್ಲಿ ಸೆನ್ಸರ್ ಇರುವ ಅಗ್ಗದ ಥರ್ಮಾಮೀಟರ್ ಒಂದನ್ನು ತನ್ನಿ. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಎರಡನ್ನೂ ಜೊತೆಯಲ್ಲಿ ಅದ್ದಿ. ಎಷ್ಟು ವ್ಯತ್ಯಾಸ ಇದೆ ನೋಡಿಕೊಂಡು, ಆ ವೈರಿನ ತುದಿಯನ್ನು ಮೊಟ್ಟೆಗಳ ಎತ್ತರಕ್ಕೆ ಇಳಿಬಿಡಿ. ತೇವಾಂಶದ ಮೀಟರನ್ನು ಮಾತ್ರ ನೀರಿಗೆ ಹಾಕಬೇಡಿ, ಕೆಡುತ್ತದೆ.

ಫ್ಯಾನ್ ಇಲ್ಲದ, ಬಲ್ಬ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆ ಇಟ್ಟುಕೊಂಡವರಿಗೆ ಲೆಕ್ಕ ಬೇರೆ. ಅಲ್ಲಿ ಬಿಸಿ ಗಾಳಿ ಮೇಲೆ, ತಣ್ಣಗಿನದು ಕೆಳಗೆ ನಿಲ್ಲುತ್ತದೆ. ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ ಅಳೆದಾಗ 38.3ರಿಂದ 38.9 ಇರಬೇಕು. ಪೆಟ್ಟಿಗೆಯ ಗೋಡೆಗೆ ಥರ್ಮಾಮೀಟರ್ ಸಿಕ್ಕಿಸಿ 37.5ಕ್ಕೆ ಇಟ್ಟರೆ ಮೊಟ್ಟೆಗೆ ಕಾವೇ ಸಾಲದು. ಥರ್ಮಾಮೀಟರೇ ಇಲ್ಲದ ಕಾಲದಲ್ಲಿ ಈಜಿಪ್ಟಿನವರು ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುತ್ತಿದ್ದರು. ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಅಂದಾಜು ಮಾಡುತ್ತಿದ್ದರಂತೆ. ಅದು ತಲೆಮಾರುಗಳಿಂದ ಬಂದ ಕೈಚಳಕ, ನಾವು ಥರ್ಮಾಮೀಟರೇ ನೋಡೋಣ.

ಕಾವು ಹೆಚ್ಚೋ ಕಡಿಮೆಯೋ ಎನ್ನುವುದಕ್ಕೆ ಇನ್ನೊಂದು ಗುರುತು ಮರಿ ಬಂದ ದಿನ. 19ರ ಸಂಜೆಗೇ ಶುರುವಾಗಿ, ಮರಿಗಳು ಸಣ್ಣದಾಗಿ, ಹೊಕ್ಕುಳು ಮುಚ್ಚದೆ ಬಂದಿದ್ದರೆ ಕಾವು ಜಾಸ್ತಿಯಿತ್ತು. 22, 23ರವರೆಗೆ ಎಳೆದಿದ್ದರೆ ಕಡಿಮೆಯಿತ್ತು. ನಾಟಿ ಮೊಟ್ಟೆ ಚಿಕ್ಕದಾದ್ದರಿಂದ ಅರ್ಧ ದಿನ ಮೊದಲೇ ಬಂದರೆ ಗಾಬರಿ ಬೇಡ. ಎಣಿಕೆಯಲ್ಲೂ ಬಹಳ ಜನ ಎಡವುತ್ತಾರೆ. ಮೊಟ್ಟೆ ಇಟ್ಟ ದಿನ ಸೊನ್ನೆ, ಮಾರನೇ ದಿನ ಅದೇ ಹೊತ್ತಿಗೆ ಒಂದು. ಶನಿವಾರ ಸಂಜೆ ಇಟ್ಟರೆ ಮುಂದಿನ ಮೂರನೇ ಶನಿವಾರ ಸಂಜೆಗೆ 21.

ಕರೆಂಟ್ ಹೋಗಿದ್ದಕ್ಕೆ ನೀವು ಜಾಸ್ತಿ ತಲೆ ಕೆಡಿಸಿಕೊಂಡಂತಿದೆ. ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಮೇವು ನೀರಿಗೆ ಎದ್ದು ಹೋಗುತ್ತದೆ, ಅಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ. ಒಂದೆರಡು ಗಂಟೆ ಕರೆಂಟ್ ಇಲ್ಲದಿದ್ದರೆ ಮರಿ ಬರುವುದು ಸ್ವಲ್ಪ ತಡವಾಗಬಹುದು, ಅಷ್ಟೇ. ಮುಚ್ಚಳ ತೆಗೆಯದೆ, ಮೇಲೆ ಕಂಬಳಿ ಹೊದಿಸಿ. ನಾಲ್ಕೈದು ಗಂಟೆ ದಾಟುವ ಹಾಗಿದ್ದರೆ ಬಿಸಿ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಡಿ. ಕೊನೆಯ ವಾರದಲ್ಲಿ ಮಾತ್ರ ಗಾಳಿ ತೂತು ಮುಚ್ಚುವ ಹಾಗೆ ಕಂಬಳಿ ಬಿಗಿಯಬೇಡಿ, ಆಗ ಮೊಟ್ಟೆಯೇ ಶಾಖ ಹುಟ್ಟಿಸುತ್ತಿರುತ್ತದೆ, ಫ್ಯಾನ್ ನಿಂತರೆ ಉಸಿರೂ ಕಟ್ಟುತ್ತದೆ. ನಿಜವಾದ ಅಪಾಯ ತಣ್ಣಗಾಗುವುದರಲ್ಲಿಲ್ಲ, ಬಿಸಿಯಾಗುವುದರಲ್ಲಿದೆ. 40 ದಾಟಿ ಕೆಲವು ಗಂಟೆ ನಿಂತರೆ ಇಡೀ ಬ್ಯಾಚ್ ಹೋಗಬಹುದು. ಕರೆಂಟ್ ಬಂದ ಮೇಲಿನ ಅರ್ಧ ಗಂಟೆ ಪೆಟ್ಟಿಗೆಯ ಮೇಲೊಂದು ಕಣ್ಣಿಡಿ. ಕಿಟಕಿ ಬಿಸಿಲು ಬೀಳುವ ಕಡೆ ಮಷೀನ್ ಇಡಲೇಬಾರದು.

ಈಗ ಸಣ್ಣದರಲ್ಲೇ ಸತ್ತ ಆ 7ಕ್ಕೆ ಬರೋಣ. ಎರಡು ವಾರ ಮೊಟ್ಟೆ ಕೂಡಿಸಿದೆ ಎಂದಿದ್ದೀರಿ. ಅನುಮಾನ ಅಲ್ಲೇ. ಇಟ್ಟು ಏಳು ದಿನದೊಳಗಿನ ಮೊಟ್ಟೆ ಉತ್ತಮ. ಆಮೇಲೆ ಪ್ರತಿ ದಿನವೂ ಮರಿಯಾಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ, ಎರಡು ವಾರದ ಮೊಟ್ಟೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಅಜ್ಜಿಯ ಕೋಳಿಯೂ ಹತ್ತು ಹನ್ನೆರಡು ದಿನ ಇಟ್ಟ ಮೇಲೇ ಕಾವಿಗೆ ಕೂರುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅದು ದಿನಾ ಮೊಟ್ಟೆಯಿಡಲು ಬಂದಾಗ ಹಳೆಯ ಮೊಟ್ಟೆಗಳ ಮೇಲೇ ಸ್ವಲ್ಪ ಹೊತ್ತು ಕೂತು, ಬೆಚ್ಚಗೆ ಮಾಡಿ, ಹೊರಳಿಸಿ ಹೋಗುತ್ತದೆ. ಇತ್ತೀಚೆಗೆ ದೊಡ್ಡ ಹ್ಯಾಚರಿಗಳೂ ತುಂಬಾ ದಿನ ಕೂಡಿಡಬೇಕಾದ ಮೊಟ್ಟೆಗೆ ನಡುವೆ ಕೆಲವು ಗಂಟೆ ಕಾವು ತೋರಿಸುವುದನ್ನು ಶುರು ಮಾಡಿವೆ. ಮನೆಯಲ್ಲಿ ಆ ಸಾಹಸ ಬೇಡ. 30 ಮೊಟ್ಟೆ ಆಗಲಿ ಎಂದು ಕಾಯದೆ, ವಾರದಲ್ಲಿ ಎಷ್ಟು ಕೂಡುತ್ತದೋ ಅಷ್ಟೇ ಇಡಿ. ಮಷೀನಿನಲ್ಲಿ ಜಾಗ ಖಾಲಿ ಉಳಿದರೆ ನಷ್ಟವೇನಿಲ್ಲ.

ಕೂಡಿಡುವ ಜಾಗ ತಂಪಾಗಿರಬೇಕು, 15ರಿಂದ 18 ಡಿಗ್ರಿ ಇದ್ದರೆ ತುಂಬಾ ಒಳ್ಳೆಯದು. ಮಲೆನಾಡಿನಲ್ಲಿ ಮಳೆಗಾಲ ಚಳಿಗಾಲ ಹೇಗೋ ನಡೆಯುತ್ತದೆ. ಬಯಲುಸೀಮೆಯ ಬೇಸಿಗೆಯೇ ಕಷ್ಟ. ಕೋಣೆಯೇ 35 ಡಿಗ್ರಿ ಇದ್ದರೆ ಮೊಟ್ಟೆ ಕಾವಿಗೆ ಇಡುವ ಮೊದಲೇ ಒಳಗೆ ಬೆಳವಣಿಗೆ ಶುರುವಾಗುತ್ತದೆ, ರಾತ್ರಿ ತಂಪಿಗೆ ನಿಲ್ಲುತ್ತದೆ, ಮತ್ತೆ ಹಗಲು ಶುರುವಾಗುತ್ತದೆ. ಹೀಗೆ ಎದ್ದು ಬಿದ್ದು ಮೂರನೇ ನಾಲ್ಕನೇ ದಿನಕ್ಕೆ ಸಾಯುತ್ತದೆ. ಅಂಥ ಕಡೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ಉಪಯೋಗಕ್ಕೆ ಬರುತ್ತದೆ. ಫ್ರಿಜ್ ಬೇಡ, ಅದರ 4 ಡಿಗ್ರಿ ತೀರಾ ತಂಪು. ಮೊಟ್ಟೆಯ ಚೂಪು ತುದಿ ಕೆಳಗಿರಲಿ. ಮಷೀನಿಗೆ ಹಾಕುವ ಮೊದಲು ಕೆಲವು ಗಂಟೆ ಕೋಣೆಯಲ್ಲಿ ಇಟ್ಟು, ಬೆವರು ಬಿಡದ ಹಾಗೆ ನೋಡಿಕೊಳ್ಳಿ.

ತೊಳೆಯಬೇಡಿ. ಹಿಕ್ಕೆ ಮೆತ್ತಿದ ಮೊಟ್ಟೆ ನೋಡಿದರೆ ಕೈ ತಡೆಯುವುದಿಲ್ಲ, ಗೊತ್ತು. ಚಿಪ್ಪಿನ ಮೇಲೆ ಹೊಸ ಮೊಟ್ಟೆಗೆ ಒಂದು ತೆಳು ಲೇಪ ಇರುತ್ತದೆ, ಅದೇ ಅದರ ಕಾವಲು. ತೊಳೆದರೆ ಲೇಪ ಹೋಗಿ, ಕೊಳೆ ನೀರಿನ ಜೊತೆ ರಂಧ್ರಗಳೊಳಗೆ ಇಳಿಯುತ್ತದೆ. ತೀರಾ ಗಲೀಜಾದದ್ದನ್ನು ಅಡುಗೆಗೂ ಬಳಸದೆ ಬಿಟ್ಟುಬಿಡಿ, ಸ್ವಲ್ಪ ಒಣ ಕೊಳೆ ಇದ್ದರೆ ಒಣ ಬಟ್ಟೆಯಿಂದ ಉಜ್ಜಿ. ಗೂಡಿನಲ್ಲಿ ಒಣ ಹುಲ್ಲು ಬದಲಿಸುತ್ತಾ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಹ್ಯಾಚರಿಗಳಲ್ಲಿ ಫಾರ್ಮಾಲಿನ್ ಹೊಗೆ ಕೊಡುತ್ತಾರೆ ಎಂದು ಕೇಳಿ ಯಾರೋ ಮನೆಯಲ್ಲಿ ಮಾಡಲು ಹೊರಟಿದ್ದರು. ಅದು ಮನುಷ್ಯರ ಕಣ್ಣು, ಶ್ವಾಸಕೋಶಕ್ಕೆ ವಿಷ. ಅದರ ತಂಟೆಗೇ ಹೋಗಬೇಡಿ. ಬ್ಯಾಚ್ ಮುಗಿದ ಮೇಲೆ ಮಷೀನನ್ನು ಸೋಪು ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಅಷ್ಟು ಸಾಕು.

ಏನೂ ಇಲ್ಲದ ಆ 5ಕ್ಕೆ ಹೆಚ್ಚು ಹೇಳುವುದಿಲ್ಲ. 14 ಹೇಂಟೆಗೆ ಒಂದೇ ಹುಂಜ ಸ್ವಲ್ಪ ಕಡಿಮೆ. ಎಂಟು ಹತ್ತು ಹೇಂಟೆಗೆ ಒಂದು ಲೆಕ್ಕ. ಇನ್ನೊಂದು ಹುಂಜ ಬಿಟ್ಟರೆ ಹತ್ತು ದಿನ ಬಿಟ್ಟು ಮೊಟ್ಟೆ ಕೂಡಿಸಲು ಶುರು ಮಾಡಿ. ಇದನ್ನು ಓದುವ ಪೇಟೆಯವರಿಗೆ ಒಂದು ಮಾತು: ಅಂಗಡಿಯ ಬಿಳಿ ಫಾರಂ ಮೊಟ್ಟೆ ಇಟ್ಟು ಕಾಯಬೇಡಿ. ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ.

7ನೇ ದಿನ ರಾತ್ರಿ ದೀಪ ಆರಿಸಿ, ರಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಮೊಬೈಲ್ ಟಾರ್ಚ್ ಮೇಲಿಟ್ಟು ಮೊಟ್ಟೆಯ ದಪ್ಪ ತುದಿಯಿಂದ ಬೆಳಕು ಬಿಡಿ. ಜೇಡನ ಕಾಲಿನ ಹಾಗೆ ಕೆಂಪು ನರಗಳು ಹರಡಿದ್ದರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು. ಬರೀ ಒಂದು ಕೆಂಪು ಉಂಗುರ ಕಂಡರೆ ಬೆಳೆದು ಸತ್ತಿದೆ. ಕೊನೆಯ ಎರಡನ್ನು ತೆಗೆದುಬಿಡಿ, ಇಲ್ಲದಿದ್ದರೆ ಕೊಳೆತು ಒಳಗೇ ಒಡೆಯಬಹುದು, ಆ ವಾಸನೆ ಒಂದು ಸಲ ಕುಡಿದವರು ಮರೆಯುವುದಿಲ್ಲ. ಅನುಮಾನ ಇದ್ದರೆ ಇರಲಿ, 14ನೇ ದಿನ ಮತ್ತೆ ನೋಡಿ. ಆಗ ಗಾಳಿ ಚೀಲದ ಗೆರೆಯನ್ನೂ ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ತಕ್ಕಡಿಯ ಲೆಕ್ಕಕ್ಕೆ ಸಾಕ್ಷಿಯಾಗುತ್ತದೆ.

ಹೊರಳಿಸುವ ಕೆಲಸ ನಿಮ್ಮ ಮಷೀನೇ ಮಾಡುತ್ತದೆ. ಕೈಯಲ್ಲಿ ಮಾಡುವವರು ಒಂದು ಪಕ್ಕ ಗುಣಿಸು ಗುರುತು, ಇನ್ನೊಂದು ಪಕ್ಕ ಸೊನ್ನೆ ಬರೆದು ದಿನಕ್ಕೆ ಮೂರೋ ಐದೋ ಸಲ ತಿರುಗಿಸಲಿ. ಬೆಸ ಸಂಖ್ಯೆ ಯಾಕೆಂದರೆ, ದೀರ್ಘವಾದ ರಾತ್ರಿ ಹೊತ್ತು ಪ್ರತಿ ಸಲವೂ ಒಂದೇ ಪಕ್ಕ ಮೇಲಿರಬಾರದು. ತಿರುಗಿಸದಿದ್ದರೆ ಬೆಳೆಯುವ ಜೀವ ಪೊರೆಗೆ ಅಂಟಿಕೊಳ್ಳುತ್ತದೆ. ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ.

18ನೇ ದಿನ ಹೊರಳಿಸುವುದು ನಿಲ್ಲಿಸಿ. ಟ್ರೇ ತೆಗೆದು, ಕೆಳಗೆ ಒರಟಾದ ಬಟ್ಟೆಯೋ ರಬ್ಬರ್ ಮ್ಯಾಟೋ ಹಾಸಿ ಮೊಟ್ಟೆಗಳನ್ನು ಮಲಗಿಸಿ. ನುಣುಪು ಪ್ಲಾಸ್ಟಿಕ್ ಮೇಲೆ ಹುಟ್ಟಿದ ಮರಿಯ ಕಾಲು ಜಾರಿ ಎರಡು ಕಡೆಗೆ ಚಾಚಿಬಿಡುತ್ತದೆ. ಈಗ ಮಾತ್ರ ನೀರು ಹೆಚ್ಚಿಸಿ, 65 ದಾಟಲಿ. ಇಲ್ಲಿಯವರೆಗೆ ನೀರು ಬೇಡ ಎಂದು ಈಗ ಬೇಕು ಎನ್ನುತ್ತೇನೆ, ವಿಚಿತ್ರ ಅನ್ನಿಸಬಹುದು. 18 ದಿನ ಒಳಗಿನ ನೀರು ಹೋಗಬೇಕಿತ್ತು. ಈಗ ಪೊರೆ ಒಣಗದೆ ಮೆತ್ತಗಿರಬೇಕು, ಮರಿ ಅದನ್ನು ಹರಿಯಬೇಕಲ್ಲ. ಈ ದಿನಗಳಲ್ಲಿ ಮುಚ್ಚಳ ತೆಗೆದರೆ ತೇವ ಒಂದೇ ಏಟಿಗೆ ಹೋಗುತ್ತದೆ. ಮಕ್ಕಳು ನೋಡಬೇಕು ಎಂದು ಹಟ ಮಾಡುತ್ತಾರೆ. ಕಿಟಕಿಯ ಗಾಜಿನಿಂದಲೇ ನೋಡಲಿ.

ಚಿಪ್ಪಿಗೆ ಮೊದಲ ಬಿರುಕು ಬಿದ್ದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಎಲ್ಲರಿಗೂ ಕೈ ತುರಿಸುತ್ತದೆ. ಮರಿ ಸುಸ್ತಾಗಿ ನಿಂತಂತೆ ಕಂಡರೂ ಅದು ಸುಮ್ಮನಿಲ್ಲ. ಪೊರೆಯ ನರಗಳಲ್ಲಿ ಇನ್ನೂ ಓಡುತ್ತಿರುವ ರಕ್ತವನ್ನು ಎಳೆದುಕೊಳ್ಳುತ್ತಿದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿದೆ. ನೀವು ಚಿಪ್ಪು ಬಿಡಿಸಿದರೆ ರಕ್ತ ಸೋರುತ್ತದೆ. 24 ಗಂಟೆ ದಾಟಿ, ಪೊರೆ ಒಣಗಿ ಕಂದಾಗಿ, ಮರಿ ಇನ್ನೂ ಕೂಗುತ್ತಿದ್ದರೆ ಮಾತ್ರ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ದಪ್ಪ ತುದಿಯಲ್ಲಿ ಸ್ವಲ್ಪ ಚಿಪ್ಪು ತೆಗೆದು ಬಿಡಿ. ಕೆಂಪು ಕಂಡ ಕೂಡಲೇ ನಿಲ್ಲಿಸಿ. ಹೊರಬಂದ ಮರಿಗೆ ಹೊಟ್ಟೆಯೊಳಗಿನ ಹಳದಿ ಎರಡು ದಿನದ ಊಟ. ಹಾಗಾಗಿ ಎಲ್ಲಾ ಮರಿ ಬಂದು, ಮೈ ಒಣಗಿ ಪುಕ್ಕ ಉಬ್ಬುವವರೆಗೆ ಅಲ್ಲೇ ಬಿಟ್ಟರೂ ತೊಂದರೆಯಿಲ್ಲ.

ಆಮೇಲೆ ಬೆಚ್ಚಗಿನ ಜಾಗ ಬೇಕು. ರಟ್ಟಿನ ಪೆಟ್ಟಿಗೆ, ಮೇಲೊಂದು ಬಲ್ಬ್, ಮೊದಲ ವಾರ ಮರಿಯ ಎತ್ತರದಲ್ಲಿ 33ರಿಂದ 35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಮೂಲೆಗೆ ಓಡಿ ಬಾಯಿ ಬಿಟ್ಟರೆ ಸೆಕೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ, ಮುಳುಗಬಾರದು. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ, ಅಂದರೆ ರಾಣಿಖೇತ್‌ನದು, ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡನೇ ವಾರದ ಕೊನೆಗೆ ಗಂಬೋರೊ ಎನ್ನುವ ಇನ್ನೊಂದು ರೋಗದ ಲಸಿಕೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ, ಸಣ್ಣ ಸಂಖ್ಯೆಗೆ ಲಸಿಕೆಯ ಬಾಟಲಿ ಒಡೆಯುವುದು ಅವರಿಗೂ ಕಷ್ಟ. ಅಕ್ಕಪಕ್ಕದವರ ಮರಿಗಳನ್ನೂ ಸೇರಿಸಿಕೊಂಡರೆ ಸುಲಭ.

ಅಜ್ಜಿಯ ಬುಟ್ಟಿಯ ಮಾತು ಬಂದದ್ದಕ್ಕೆ ಒಂದು ಸಲಹೆ. ನಿಮ್ಮ 14ರಲ್ಲಿ ಯಾವುದಾದರೂ ಹೇಂಟೆ ಕಾವಿಗೆ ಕೂತಿದ್ದರೆ, ಅದೇ ಹೊತ್ತಿಗೆ ಮಷೀನಿನಲ್ಲೂ ಮೊಟ್ಟೆ ಇಡಿ. ಮರಿ ಬಂದ ರಾತ್ರಿ ಕತ್ತಲಲ್ಲಿ ಮಷೀನಿನ ಮರಿಗಳನ್ನು ಒಂದೊಂದಾಗಿ ಅದರ ರೆಕ್ಕೆಯಡಿ ತಳ್ಳಿಬಿಡಿ. ಬೆಳಗಾಗುವಷ್ಟರಲ್ಲಿ ಹೆಚ್ಚಿನ ಹೇಂಟೆಗಳು ತಮ್ಮವೇ ಎಂದುಕೊಳ್ಳುತ್ತವೆ. ಬಲ್ಬಿನ ಖರ್ಚೂ ಇಲ್ಲ, ಹದ್ದಿನಿಂದ ಕಾವಲೂ ಆಯಿತು. ಬೆಳಿಗ್ಗೆ ಒಮ್ಮೆ ನೋಡಿ, ಕುಕ್ಕುತ್ತಿದ್ದರೆ ವಾಪಸ್ ತನ್ನಿ. ಇದು ನಾಟಿ ಹೇಂಟೆಗೆ ಆಗುವ ಮಾತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜದಂಥ ತಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯನ್ನೇ ಮರಿ ಮಾಡಿಸಿದರೂ ಮಿಶ್ರ ತಳಿಯಾದ್ದರಿಂದ ಮರಿಗಳೆಲ್ಲ ತಾಯಿಯ ಹಾಗೇ ಬರುವುದಿಲ್ಲ.

ಮುಂದಿನ ಬ್ಯಾಚ್ ಮಳೆ ನಿಲ್ಲುವವರೆಗೆ ಕಾಯಬೇಕಿಲ್ಲ. ಒಂದು ವಾರದೊಳಗಿನ 12 ಮೊಟ್ಟೆ ಇಡಿ, ಕಾಲುವೆ ಒಣಗಿರಲಿ, 7ನೇ ದಿನ ತೂಗಿ. ನರ ಕಂಡ ಮೊಟ್ಟೆಗಳಲ್ಲಿ ನಾಲ್ಕಕ್ಕೆ ಮೂರು ಮರಿಯಾದರೆ ಮನೆಯ ಮಷೀನಿಗೆ ಅದು ಒಳ್ಳೆಯ ಫಲಿತಾಂಶ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಇರುತ್ತವೆ, ಅವನ್ನು ಏನು ಮಾಡುತ್ತೀರಿ ಎಂದು ಈಗಲೇ ಮನೆಯವರ ಹತ್ತಿರ ಮಾತಾಡಿಟ್ಟುಕೊಳ್ಳಿ.